ವಿಮಾನದ ದೂರ, ಪ್ರಯಾಣದ ಅವಧಿ: ಅಗತ್ತಿ–ಪೋರ್ಟ್ ಬ್ಲೇರ್ ಲೆಕ್ಕವೂ ಬೂವನಹಳ್ಳಿಯ ನಿರೀಕ್ಷೆಯೂ

ಹಾಸನ ನಗರದ ಹೊರವಲಯದ ಬೂವನಹಳ್ಳಿಯಲ್ಲಿ ವಿಮಾನ ನಿಲ್ದಾಣಕ್ಕೆ 2007ರಲ್ಲಿ ಶಂಕುಸ್ಥಾಪನೆಯಾಯಿತು. ಬಳಿಕ ಕೆಲಸ ಬಹುಕಾಲ ನಿಂತು, 2021ರಲ್ಲಿ ಮತ್ತೆ ಚಾಲನೆ ಪಡೆಯಿತು. ಈ ನಿಲ್ದಾಣದ ಪ್ರಸ್ತಾಪ ಬಂದೊಡನೆ ವರ್ತಕರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಒಂದೇ: ಇಲ್ಲಿಂದ ಇಂಥ ಊರಿಗೆ ಎಷ್ಟು ಹೊತ್ತು? ಉತ್ತರವನ್ನು ಹೆಚ್ಚಿನವರು ನಕಾಶೆಯ ಮೇಲಿನ ದೂರವನ್ನು ವಿಮಾನದ ವೇಗದಿಂದ ಭಾಗಿಸಿ ಪಡೆಯುತ್ತಾರೆ. ಹೀಗೆ ಬರುವ ಅಂಕಿ ಗಣಿತದ ದೃಷ್ಟಿಯಿಂದ ಸರಿಯಾದರೂ ವ್ಯಾಪಾರದ ದೃಷ್ಟಿಯಿಂದ ಬಹುಪಾಲು ನಿರುಪಯೋಗಿ. ದೂರ ಮತ್ತು ಅವಧಿಗಳ ನಿಜವಾದ ಸಂಬಂಧವನ್ನು ಅರಿಯಲು ಒಂದು ಒಳ್ಳೆಯ ಉದಾಹರಣೆಯೆಂದರೆ ದೇಶದ ಎರಡು ತುದಿಗಳ ದ್ವೀಪ ನಿಲ್ದಾಣಗಳು, ಅರಬ್ಬೀ ಸಮುದ್ರದ ಅಗತ್ತಿ ಹಾಗೂ ಬಂಗಾಳ ಕೊಲ್ಲಿಯ ಆಚೆಯ ಪೋರ್ಟ್ ಬ್ಲೇರ್. ಎರಡನೆಯ ನಗರಕ್ಕೆ 2024ರ ಸೆಪ್ಟೆಂಬರ್‌ನಲ್ಲಿ ಶ್ರೀ ವಿಜಯಪುರಂ ಎಂದು ಹೊಸ ಹೆಸರಾಯಿತು. ಓದುಗರ ಅನುಕೂಲಕ್ಕಾಗಿ ಇಲ್ಲಿ ಹಳೆಯ ಹೆಸರನ್ನೇ ಬಳಸಲಾಗಿದೆ.

ದೂರವನ್ನು ಅಳೆಯುವ ಬಗೆ

ಅಗತ್ತಿ ನಿಲ್ದಾಣವು ಉತ್ತರ ಅಕ್ಷಾಂಶ 10.82 ಡಿಗ್ರಿ, ಪೂರ್ವ ರೇಖಾಂಶ 72.18 ಡಿಗ್ರಿಯಲ್ಲಿದೆ. ಪೋರ್ಟ್ ಬ್ಲೇರ್ ನಿಲ್ದಾಣವು 11.64 ಮತ್ತು 92.73 ಡಿಗ್ರಿಗಳಲ್ಲಿದೆ. ಅಕ್ಷಾಂಶದ ಒಂದು ಡಿಗ್ರಿ ಎಂದರೆ 60 ನಾಟಿಕಲ್ ಮೈಲಿ. ಒಂದು ನಾಟಿಕಲ್ ಮೈಲಿಗೆ 1.852 ಕಿ.ಮೀ. ಆದ್ದರಿಂದ ಒಂದು ಡಿಗ್ರಿಗೆ ಸುಮಾರು 111 ಕಿ.ಮೀ. ರೇಖಾಂಶದ ಡಿಗ್ರಿ ಮಾತ್ರ ಎಲ್ಲೆಡೆ ಒಂದೇ ಅಳತೆಯದಲ್ಲ. ಭೂಮಧ್ಯರೇಖೆಯಲ್ಲಿ 111 ಕಿ.ಮೀ. ಇರುವ ಅದು ಧ್ರುವದ ಕಡೆಗೆ ಸಾಗಿದಂತೆ ಕಿರಿದಾಗುತ್ತ ಹೋಗುತ್ತದೆ. 11 ಡಿಗ್ರಿ ಅಕ್ಷಾಂಶದ ಆಸುಪಾಸಿನಲ್ಲಿ ಅದು 109 ಕಿ.ಮೀ.

ಎರಡು ನಿಲ್ದಾಣಗಳ ರೇಖಾಂಶದ ಅಂತರ 20.55 ಡಿಗ್ರಿ. ಇದನ್ನು 109ರಿಂದ ಗುಣಿಸಿದರೆ ಪೂರ್ವ–ಪಶ್ಚಿಮವಾಗಿ 2,240 ಕಿ.ಮೀ. ಆಗುತ್ತದೆ. ಅಕ್ಷಾಂಶದ ಅಂತರ 0.82 ಡಿಗ್ರಿ, ಅಂದರೆ ದಕ್ಷಿಣೋತ್ತರವಾಗಿ ಸುಮಾರು 91 ಕಿ.ಮೀ. ಇವೆರಡನ್ನು ಲಂಬಕೋನ ತ್ರಿಭುಜದ ಎರಡು ಭುಜಗಳೆಂದು ಭಾವಿಸಿ ಕರ್ಣವನ್ನು ಕಂಡುಹಿಡಿದರೆ ಸುಮಾರು 2,242 ಕಿ.ಮೀ. ದೊರೆಯುತ್ತದೆ. ಭೂಮಿಯ ಗೋಳಾಕಾರವನ್ನು ಗಣನೆಗೆ ತೆಗೆದುಕೊಂಡು ಮಾಡುವ ಮಹಾವೃತ್ತದ ಲೆಕ್ಕವೂ 2,243ರ ಬಳಿಯೇ ನಿಲ್ಲುತ್ತದೆ. ದಕ್ಷಿಣ ಭಾರತದ ಊರುಗಳಿಗೆ ಪ್ರೌಢಶಾಲೆಯ ಈ ಲೆಕ್ಕವೇ ಸಾಕು. ಲಂಡನ್ ಅಥವಾ ನ್ಯೂಯಾರ್ಕ್‌ನಂಥ ದೂರದ ಊರುಗಳಿಗೆ ಮಾತ್ರ ಇದು ತಪ್ಪುತ್ತದೆ.

ಈ ನೇರ ರೇಖೆಯನ್ನು ನಕಾಶೆಯ ಮೇಲೆ ಎಳೆದರೆ ಅದು ಕೋಳಿಕ್ಕೋಡಿನ ದಕ್ಷಿಣಕ್ಕೆ ಕೇರಳದ ಕರಾವಳಿಯನ್ನು ದಾಟಿ, ಕೊಯಮತ್ತೂರಿನ ಸಮೀಪ ಹಾದು, ಚಿದಂಬರಂ ಮತ್ತು ಕಾರೈಕಾಲ್‌ಗಳ ನಡುವೆ ಎಲ್ಲೋ ಬಂಗಾಳ ಕೊಲ್ಲಿಗೆ ಇಳಿಯುತ್ತದೆ. ಎರಡೂ ಊರುಗಳ ಗಡಿಯಾರ ಒಂದೇ. ಆದರೆ ರೇಖಾಂಶದ ಒಂದು ಡಿಗ್ರಿಗೆ ನಾಲ್ಕು ನಿಮಿಷದಂತೆ ಪೋರ್ಟ್ ಬ್ಲೇರ್‌ನಲ್ಲಿ ಸೂರ್ಯ ಅಗತ್ತಿಗಿಂತ ಸುಮಾರು 82 ನಿಮಿಷ ಮೊದಲು ಹುಟ್ಟಿ, ಅಷ್ಟೇ ಬೇಗ ಮುಳುಗುತ್ತಾನೆ. ಹಗಲು ಬೆಳಕನ್ನೇ ನಂಬಿದ ನಿಲ್ದಾಣಗಳ ವೇಳಾಪಟ್ಟಿಗೆ ಈ 82 ನಿಮಿಷ ಸಣ್ಣ ವಿಷಯವಲ್ಲ.

ಅವಧಿಯ ಲೆಕ್ಕ

ವಿಮಾನ ಸಂಸ್ಥೆಗಳು ಟಿಕೆಟ್ಟಿನಲ್ಲಿ ನಮೂದಿಸುವ ಅವಧಿ ಆಕಾಶದಲ್ಲಿರುವ ಅವಧಿಯಲ್ಲ. ನಿಂತ ಜಾಗದಿಂದ ವಿಮಾನ ಕದಲಿದ ಕ್ಷಣದಿಂದ, ತಲುಪಿದ ಊರಿನಲ್ಲಿ ಚಕ್ರಗಳಿಗೆ ಅಡ್ಡಗಟ್ಟೆ ಇಡುವ ತನಕದ ಸಮಯ ಅದು. ರನ್‌ವೇವರೆಗೆ ಸಾಗುವುದು, ಏರುವುದು, ಇಳಿಯುವುದು, ಸರದಿಗಾಗಿ ಕಾಯುವುದು ಎಲ್ಲ ಸೇರಿ ದೂರ ಎಷ್ಟೇ ಇರಲಿ ಸುಮಾರು ಅರ್ಧ ಗಂಟೆ ಹೆಚ್ಚುವರಿಯಾಗಿ ಹಿಡಿಯಬೇಕು. ಅಂದಾಜಿಗೆ ಒಂದು ಸೂತ್ರವನ್ನು ಇಟ್ಟುಕೊಳ್ಳಬಹುದು: ದೂರವನ್ನು ವೇಗದಿಂದ ಭಾಗಿಸಿ, ಬಂದ ಉತ್ತರಕ್ಕೆ 30 ನಿಮಿಷ ಕೂಡಿಸುವುದು. ಏರ್‌ಬಸ್ ಎ-320ರಂಥ ಜೆಟ್‌ಗೆ ಗಂಟೆಗೆ 830 ಕಿ.ಮೀ., ಎ.ಟಿ.ಆರ್.-72ರಂಥ ಪಂಖದ ವಿಮಾನಕ್ಕೆ 500 ಕಿ.ಮೀ. ಎಂದು ಇಟ್ಟುಕೊಂಡರೆ ವಾಸ್ತವಕ್ಕೆ ಬಹಳ ದೂರ ಹೋಗುವುದಿಲ್ಲ.

ಈ ಸೂತ್ರದಂತೆ ಅಗತ್ತಿಯಿಂದ ಪೋರ್ಟ್ ಬ್ಲೇರ್‌ಗೆ ಜೆಟ್ ವಿಮಾನದಲ್ಲಿ 3 ಗಂಟೆ 12 ನಿಮಿಷ ಸಾಕು. ಆದರೆ ಅಂಥ ವಿಮಾನ ಹಾರಲಾರದು. ಅಗತ್ತಿಯ ರನ್‌ವೇ ಉದ್ದ ಸುಮಾರು 1,200 ಮೀಟರ್. ಕಿರಿದಾದ ಹವಳದ ದ್ವೀಪದ ತುದಿಯಲ್ಲಿರುವ ಆ ಪಟ್ಟಿಯ ಮೇಲೆ ಎ-320 ಇಳಿಯುವಂತಿಲ್ಲ. ಇಳಿಯಬಲ್ಲ ಎ.ಟಿ.ಆರ್.-72 ತುಂಬಿದ ಪ್ರಯಾಣಿಕರೊಡನೆ 2,243 ಕಿ.ಮೀ. ಹಾರಲಾರದು. ರನ್‌ವೇ ಉದ್ದವು ವಿಮಾನದ ಬಗೆಯನ್ನು ನಿರ್ಧರಿಸಿತು. ವಿಮಾನದ ಬಗೆಯು ಹಾರಾಟದ ಮಿತಿಯನ್ನು ನಿರ್ಧರಿಸಿತು. ಆ ಮಿತಿಯಿಂದಾಗಿ ನಡುವೆ ಇಳಿದು ಬೇರೆ ವಿಮಾನ ಹಿಡಿಯುವುದು ಅನಿವಾರ್ಯವಾಯಿತು.

ಬಹುಕಾಲ ಅಗತ್ತಿಯ ಮುಖ್ಯ ಸಂಪರ್ಕ ಕೊಚ್ಚಿಯಾಗಿತ್ತು. ಅಗತ್ತಿ–ಕೊಚ್ಚಿ 468 ಕಿ.ಮೀ., ಕೊಚ್ಚಿ–ಬೆಂಗಳೂರು 367 ಕಿ.ಮೀ., ಬೆಂಗಳೂರು–ಪೋರ್ಟ್ ಬ್ಲೇರ್ 1,640 ಕಿ.ಮೀ., ಒಟ್ಟು 2,475 ಕಿ.ಮೀ. 2024ರ ಮಾರ್ಚ್ 31ರಂದು ಇಂಡಿಗೋ ಸಂಸ್ಥೆ ಬೆಂಗಳೂರು–ಅಗತ್ತಿ ನಡುವೆ ನೇರ ಎ.ಟಿ.ಆರ್. ಸೇವೆಯನ್ನು ಆರಂಭಿಸಿತು. ಈ ಮಾರ್ಗದಲ್ಲಿ ಮೊದಲ ಹಂತ 657 ಕಿ.ಮೀ., ಒಟ್ಟು 2,297 ಕಿ.ಮೀ. ನೇರ ರೇಖೆಗಿಂತ ಹೆಚ್ಚಿದ್ದು ಕೇವಲ 54 ಕಿ.ಮೀ.!

ದೂರದಲ್ಲಿ ಹೀಗೆ ಶೇಕಡಾ ಎರಡೂವರೆಯಷ್ಟೂ ವ್ಯತ್ಯಾಸವಿಲ್ಲ. ಅವಧಿಯನ್ನು ನೋಡಿದರೆ ಸೂತ್ರದಂತೆ ಅಗತ್ತಿ–ಬೆಂಗಳೂರು 1 ಗಂಟೆ 49 ನಿಮಿಷ, ಬೆಂಗಳೂರು–ಪೋರ್ಟ್ ಬ್ಲೇರ್ 2 ಗಂಟೆ 29 ನಿಮಿಷ, ಎರಡೂ ಸೇರಿ 4 ಗಂಟೆ 18 ನಿಮಿಷ. ಇದಕ್ಕೆ ಬೆಂಗಳೂರಿನಲ್ಲಿ ಕಾಯುವ ಹೊತ್ತನ್ನು ಕೂಡಿಸಬೇಕು. ಅದು ಎರಡು ಗಂಟೆಯಾಗಬಹುದು, ಇಪ್ಪತ್ತು ಗಂಟೆಯೂ ಆಗಬಹುದು. ಅಗತ್ತಿಯಿಂದ ಬಂದ ವಿಮಾನ ಇಳಿಯುವ ಮೊದಲೇ ಪೋರ್ಟ್ ಬ್ಲೇರ್ ವಿಮಾನ ಹೊರಟಿದ್ದರೆ ರಾತ್ರಿ ಬೆಂಗಳೂರಿನಲ್ಲೇ ತಂಗಬೇಕು. ಕೊಚ್ಚಿಯ ಮಾರ್ಗದಲ್ಲಿ ಇಂಥ ಕಾಯುವಿಕೆ ಎರಡು ಸಲ ಇತ್ತು, ನೇರ ಸೇವೆಯಿಂದ ಅದು ಒಂದಕ್ಕೆ ಇಳಿಯಿತು. ಉಳಿದ 178 ಕಿ.ಮೀ. ಜೆಟ್ ವಿಮಾನಕ್ಕೆ ಹದಿಮೂರು ನಿಮಿಷದ ಮಾತು. ನಿಜವಾದ ಲಾಭ ತಪ್ಪಿಹೋದ ಆ ಒಂದು ನಿಲುಗಡೆಯದು.

ಗಾಳಿಯ ಮಾತನ್ನೂ ಹೇಳಿಬಿಡಬೇಕು. ಮುಂಗಾರಿನ ತಿಂಗಳುಗಳಲ್ಲಿ ದಕ್ಷಿಣ ಭಾರತದ ಮೇಲೆ ಬಹು ಎತ್ತರದಲ್ಲಿ ಪೂರ್ವದಿಂದ ಪಶ್ಚಿಮಕ್ಕೆ ಬಲವಾದ ಗಾಳಿ ಬೀಸುತ್ತದೆ. ಗಂಟೆಗೆ 800 ಕಿ.ಮೀ. ವೇಗದ ವಿಮಾನಕ್ಕೆ 50 ಕಿ.ಮೀ. ಎದುರುಗಾಳಿ ಸಿಕ್ಕರೆ ಬೆಂಗಳೂರು–ಪೋರ್ಟ್ ಬ್ಲೇರ್ ಹಾರಾಟ 131 ನಿಮಿಷ, ಅದೇ ಗಾಳಿ ಬೆನ್ನಿಗಿದ್ದರೆ 116 ನಿಮಿಷ. ಹದಿನೈದು ನಿಮಿಷದ ಈ ಅಂತರ ವಿಮಾನ ಸಂಸ್ಥೆಯ ಇಂಧನ ಲೆಕ್ಕಕ್ಕೆ ಮುಖ್ಯವಾದರೂ ವರ್ತಕನಿಗೆ ಅಷ್ಟೇನೂ ಅಲ್ಲ.

ಹಾಸನದಿಂದ ನೋಡಿದಾಗ

ಇದೇ ಅಳತೆಗೋಲನ್ನು ಬೂವನಹಳ್ಳಿಗೆ ಹಿಡಿದು ನೋಡಬಹುದು. ಇಲ್ಲಿಂದ ದೇವನಹಳ್ಳಿಯ ಕೆಂಪೇಗೌಡ ಅಂತರರಾಷ್ಟ್ರೀಯ ನಿಲ್ದಾಣಕ್ಕೆ ಆಕಾಶಮಾರ್ಗದಲ್ಲಿ ಸುಮಾರು 170 ಕಿ.ಮೀ. ಎ.ಟಿ.ಆರ್. ವಿಮಾನಕ್ಕೆ ಇಪ್ಪತ್ತು ನಿಮಿಷ ಹಾರಾಟ, ಮೂವತ್ತು ನಿಮಿಷ ಏರಿಳಿತ, ಒಟ್ಟು ಐವತ್ತು ನಿಮಿಷ. ಕೇಳಲು ಹಿತವಾಗಿದೆ.

ಆದರೆ ಹಾಸನದ ವರ್ತಕನೊಬ್ಬ ಬೆಂಗಳೂರಿನ ಚಿಕ್ಕಪೇಟೆಗೆ ಹೋಗಬೇಕಾಗಿದೆ ಎಂದುಕೊಳ್ಳೋಣ. ಮನೆಯಿಂದ ಬೂವನಹಳ್ಳಿಗೆ ಅರ್ಧ ಗಂಟೆ, ಒಂದು ಗಂಟೆ ಮುಂಚಿತ ಹಾಜರಿ, ಐವತ್ತು ನಿಮಿಷ ವಿಮಾನ, ಹೊರಬರಲು ಇಪ್ಪತ್ತು ನಿಮಿಷ, ದೇವನಹಳ್ಳಿಯಿಂದ ಪೇಟೆಗೆ ಸಂಚಾರದ ದಟ್ಟಣೆಯಲ್ಲಿ ಒಂದೂಕಾಲು ಗಂಟೆಗೆ ಕಡಿಮೆಯಿಲ್ಲ. ಒಟ್ಟು ನಾಲ್ಕು ಗಂಟೆ ಸಮೀಪಿಸಿತು. ಹಾಸನ–ಬೆಂಗಳೂರು ರಸ್ತೆ ಸುಮಾರು 185 ಕಿ.ಮೀ. ಬೆಳಿಗ್ಗೆ ಕಾರಿನಲ್ಲಿ ಹೊರಟವನು ಅಷ್ಟರೊಳಗೆ ಪೇಟೆ ಸೇರಿರುತ್ತಾನೆ. ಬೆಂಗಳೂರು ನಗರಕ್ಕೆಂದೇ ಹೋಗುವವನಿಗೆ ಈ ವಿಮಾನದಿಂದ ಪ್ರಯೋಜನವಿಲ್ಲ ಎಂಬುದನ್ನು ಸಂಕೋಚವಿಲ್ಲದೆ ಒಪ್ಪಿಕೊಳ್ಳುವುದು ಲೇಸು.

ಮುಂದಕ್ಕೆ ಹಾರುವವನ ಲೆಕ್ಕ ಬೇರೆ. 2008ರ ಮೇ ತಿಂಗಳವರೆಗೆ ಬೆಂಗಳೂರಿನ ವಿಮಾನಗಳು ನಗರದೊಳಗಿನ ಎಚ್.ಎ.ಎಲ್. ನಿಲ್ದಾಣದಿಂದ ಹೊರಡುತ್ತಿದ್ದವು. ದೇವನಹಳ್ಳಿಗೆ ಸ್ಥಳಾಂತರವಾದ ಮೇಲೆ ಹಾಸನದವರಿಗೆ ವಿಮಾನ ನಿಲ್ದಾಣ ಸುಮಾರು 200 ಕಿ.ಮೀ. ದೂರದ ಗುರಿಯಾಯಿತು. ಪೋರ್ಟ್ ಬ್ಲೇರ್‌ಗೆ ಹೊರಟವನು ರಸ್ತೆಯಲ್ಲಿ ನಾಲ್ಕು ಗಂಟೆ, ನಿಲ್ದಾಣದಲ್ಲಿ ಎರಡು ಗಂಟೆ, ವಿಮಾನದಲ್ಲಿ ಎರಡೂವರೆ ಗಂಟೆ, ಹೀಗೆ ಎಂಟೂವರೆ ಗಂಟೆ ವ್ಯಯಿಸುತ್ತಾನೆ. 1,640 ಕಿ.ಮೀ.ಗೆ ಎರಡೂವರೆ ಗಂಟೆ, ಅದಕ್ಕೆ ಮೊದಲಿನ 200 ಕಿ.ಮೀ.ಗೆ ಆರು ಗಂಟೆ. ಬೂವನಹಳ್ಳಿಯಿಂದ ಹಾರಿ ದೇವನಹಳ್ಳಿಯಲ್ಲಿ ಎರಡು ಗಂಟೆ ಕಾದು ಮುಂದುವರಿದರೆ 6 ಗಂಟೆ 50 ನಿಮಿಷ. ಉಳಿತಾಯ 1 ಗಂಟೆ 40 ನಿಮಿಷ.

ಜಿಲ್ಲೆಯ ಎಲ್ಲ ತಾಲ್ಲೂಕುಗಳಿಗೂ ಈ ಉಳಿತಾಯ ಒಂದೇ ಸಮನಾಗಿ ದಕ್ಕುವುದಿಲ್ಲ. ಚನ್ನರಾಯಪಟ್ಟಣ ಹಾಸನಕ್ಕಿಂತ ಸುಮಾರು 38 ಕಿ.ಮೀ. ಬೆಂಗಳೂರಿನ ಕಡೆಗೇ ಇದೆ. ಅಲ್ಲಿನ ತೆಂಗಿನಕಾಯಿ ವರ್ತಕ ಪೂರ್ವಕ್ಕೆ ಹಾರಲು ಮೊದಲು ಪಶ್ಚಿಮಕ್ಕೆ ಬರಬೇಕು. ಅವನಿಗೆ ಉಳಿಯುವುದು ಅರ್ಧ ಗಂಟೆ ಮಾತ್ರ, ವಿಮಾನ ತಡವಾದರೆ ಅದೂ ಇಲ್ಲ. ಅರಕಲಗೂಡಿನ ತಂಬಾಕು ವ್ಯಾಪಾರಿಗೆ ಹೆಚ್ಚುಕಡಿಮೆ ಎರಡು ಗಂಟೆ ಉಳಿಯುತ್ತದೆ. ಹೊಳೆನರಸೀಪುರ ಇವೆರಡರ ನಡುವೆ ನಿಲ್ಲುತ್ತದೆ. ಅಲ್ಲಿಂದ ಮೈಸೂರೂ ಹತ್ತಿರವಾದ್ದರಿಂದ ಮಂಡಕಳ್ಳಿಯ ನಿಲ್ದಾಣದಲ್ಲಿ ಬೇಕಾದ ಊರಿಗೆ ವಿಮಾನ ಇದ್ದಾಗ ಆ ದಾರಿಯನ್ನೂ ತೂಗಿ ನೋಡಬೇಕಾಗುತ್ತದೆ.

ಬೂವನಹಳ್ಳಿಗೆ ಬೆಂಗಳೂರು ವಿಮಾನಕ್ಕಿಂತ ಚೆನ್ನೈ ವಿಮಾನ ಹೆಚ್ಚು ಉಪಯುಕ್ತವಾಗಬಹುದೆಂಬುದು ನಕಾಶೆಯಿಂದಲೇ ತಿಳಿಯುತ್ತದೆ. ಹಾಸನವೂ ಚೆನ್ನೈ ನಿಲ್ದಾಣವೂ ಹೆಚ್ಚುಕಡಿಮೆ ಒಂದೇ 13 ಡಿಗ್ರಿ ಅಕ್ಷಾಂಶದ ಮೇಲಿವೆ. ಬೂವನಹಳ್ಳಿಯಿಂದ ಚೆನ್ನೈ ಸುಮಾರು 440 ಕಿ.ಮೀ., ಅಲ್ಲಿಂದ ಪೋರ್ಟ್ ಬ್ಲೇರ್ 1,372 ಕಿ.ಮೀ., ಒಟ್ಟು 1,812. ಬೂವನಹಳ್ಳಿ–ಪೋರ್ಟ್ ಬ್ಲೇರ್ ನೇರ ದೂರವೇ ಸುಮಾರು 1,810. ಸುತ್ತು ಎಂಬುದೇ ಇಲ್ಲ. ಅಂಡಮಾನಿನ ಹಡಗುಗಳೂ ಚೆನ್ನೈ ಬಂದರಿನಿಂದ ಹೊರಡುವುದರಿಂದ ಆ ದ್ವೀಪಗಳೊಡನೆ ವ್ಯವಹಾರ ಮಾಡುವವರಿಗೆ ಅದೇ ಸಹಜವಾದ ಬಾಗಿಲು. ಚೆನ್ನೈಗೆ ರಸ್ತೆಯಲ್ಲಿ ಒಂದು ಹಗಲೇ ಬೇಕು, ಎ.ಟಿ.ಆರ್.ಗೆ 1 ಗಂಟೆ 23 ನಿಮಿಷ. ಹೈದರಾಬಾದ್ (530 ಕಿ.ಮೀ.) ಮತ್ತು ಮುಂಬಯಿ (760 ಕಿ.ಮೀ.) ವಿಷಯದಲ್ಲೂ ಇದೇ ಮಾತು. ಈ ಊರುಗಳಿಗೆ ನೇರ ಸೇವೆ ದೊರೆತರೆ ದಿನದ ಲೆಕ್ಕ ಗಂಟೆಗಳಿಗೆ ಇಳಿಯುತ್ತದೆ.

ಸರಕಿನ ಲೆಕ್ಕ

ಪ್ರಯಾಣಿಕನಿಗೆ ಹೇಳಿದ್ದು ಸರಕಿಗೂ ಅನ್ವಯಿಸುತ್ತದೆ, ಒಂದು ಮುಖ್ಯ ವ್ಯತ್ಯಾಸದೊಂದಿಗೆ. ವಿಮಾನದಲ್ಲಿ ಸರಕಿಗೆ ಬಾಡಿಗೆ ಕೇವಲ ತೂಕಕ್ಕಲ್ಲ. ಪೆಟ್ಟಿಗೆಯ ಉದ್ದ, ಅಗಲ, ಎತ್ತರಗಳನ್ನು ಸೆಂಟಿಮೀಟರಿನಲ್ಲಿ ಗುಣಿಸಿ 6,000ದಿಂದ ಭಾಗಿಸಿದಾಗ ಬರುವ ಗಾತ್ರತೂಕವನ್ನೂ ನಿಜತೂಕವನ್ನೂ ಹೋಲಿಸಿ, ಯಾವುದು ಹೆಚ್ಚೋ ಅದಕ್ಕೆ ದರ ವಿಧಿಸುವುದು ವಾಡಿಕೆ. 60, 40, 40 ಸೆಂ.ಮೀ. ಅಳತೆಯ ಪೆಟ್ಟಿಗೆಯೊಂದರ ಗಾತ್ರತೂಕ 16 ಕಿಲೋ. ಅದರಲ್ಲಿ 9 ಕಿಲೋ ಹೂವು ಇದ್ದರೂ 16 ಕಿಲೋಗೇ ಹಣ ತೆರಬೇಕು. ಹೂವು ಕಳಿಸುವವರು ಪೆಟ್ಟಿಗೆಯ ಅಳತೆಯಲ್ಲಿ ಐದು ಸೆಂಟಿಮೀಟರ್ ಉಳಿಸಿದರೂ ಅದು ಲಾಭವೇ. ಹಾಸನದ ಆಲೂಗಡ್ಡೆ ಮೂಟೆಗೆ ಈ ತೊಂದರೆಯಿಲ್ಲ. ಆದರೆ ಅದರ ಬೆಲೆ ವಿಮಾನದ ಬಾಡಿಗೆಯನ್ನು ಹೊರಲಾರದು, ಹೊರಬೇಕಾದ ಅಗತ್ಯವೂ ಇಲ್ಲ. ಜಿಲ್ಲೆಯಿಂದ ವಿಮಾನವೇರಲು ಯೋಗ್ಯವಾದದ್ದು ಸಿದ್ಧ ಉಡುಪಿನ ನಮೂನೆಗಳು, ಏಲಕ್ಕಿಯಂಥ ಬೆಲೆಯುಳ್ಳ ಸಂಬಾರ ಪದಾರ್ಥಗಳ ಸಣ್ಣ ಕಟ್ಟುಗಳು, ಹೂವು, ಹಾಗೂ ಯಂತ್ರದ ಬಿಡಿಭಾಗಗಳು. ಕೈಗಾರಿಕಾ ಪ್ರದೇಶದ ಕಾರ್ಖಾನೆಯೊಂದು ಒಂದು ಬೇರಿಂಗ್‌ಗಾಗಿ ನಿಂತಿದ್ದರೆ ಆ ಬೇರಿಂಗಿನ ಬೆಲೆ ಮುಖ್ಯವಲ್ಲ, ಅದು ಬರುವವರೆಗೆ ಕೆಲಸವಿಲ್ಲದೆ ಕುಳಿತ ಮೂವತ್ತು ಜನರ ಕೂಲಿ ಮುಖ್ಯ.

ಗಂಟೆಯ ಬೆಲೆಯನ್ನು ಲೆಕ್ಕ ಹಾಕುವುದು ಕಷ್ಟವಲ್ಲ. ಬೇಗ ತಲುಪಿಸುವ ಮಾರ್ಗಕ್ಕೆ ಹೆಚ್ಚಾಗಿ ತೆರಬೇಕಾದ ಮೊತ್ತವನ್ನು ಉಳಿಯುವ ಗಂಟೆಗಳಿಂದ ಭಾಗಿಸಬೇಕು. 1,800 ರೂಪಾಯಿ ಹೆಚ್ಚಿಗೆ ಕೊಟ್ಟು 1 ಗಂಟೆ 40 ನಿಮಿಷ ಉಳಿಸಿದರೆ ಗಂಟೆಗೆ 1,080 ರೂಪಾಯಿ. ನಿಂತ ಕಾರ್ಖಾನೆಗೆ ಇದು ಅಗ್ಗ, ವಸೂಲಿಗೆ ಹೊರಟ ಚಿಲ್ಲರೆ ವ್ಯಾಪಾರಿಗೆ ದುಬಾರಿ.

ಲಕ್ಷದ್ವೀಪದ ಸರಕು ವ್ಯಾಪಾರವಂತೂ ಕನ್ನಡ ನಾಡಿಗೆ ಹಳೆಯ ನಂಟು. ಅಮಿನಿದೀವಿ ಗುಂಪಿನ ದ್ವೀಪಗಳು 1956ರವರೆಗೆ ದಕ್ಷಿಣ ಕನ್ನಡ ಜಿಲ್ಲೆಗೆ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಮಂಜಿಗಳಲ್ಲಿ ತರಕಾರಿ, ದಿನಸಿ, ಕಟ್ಟಡ ಸಾಮಗ್ರಿ ಸಾಗಿಸುವ ಪದ್ಧತಿ ಆಡಳಿತ ಬದಲಾದ ಮೇಲೂ ಉಳಿಯಿತು. ಮಂಗಳೂರಿನಿಂದ ಅಗತ್ತಿಗೆ ಸಮುದ್ರದ ಮೇಲೆ ಸುಮಾರು 200 ನಾಟಿಕಲ್ ಮೈಲಿ. ನಾಟ್ ಎಂದರೆ ಗಂಟೆಗೆ ಒಂದು ನಾಟಿಕಲ್ ಮೈಲಿ. ಮಂಜಿ 8 ನಾಟ್ ವೇಗದಲ್ಲಿ ಸಾಗಿದರೆ 25 ಗಂಟೆ. ಎಲೆಕೋಸು, ಈರುಳ್ಳಿಗೆ ಈ 25 ಗಂಟೆ ಏನೂ ಅಲ್ಲ. ಮಳೆಗಾಲದಲ್ಲಿ ಮಂಜಿಗಳ ಸಂಚಾರ ನಿಲ್ಲುವುದೇ ನಿಜವಾದ ತೊಡಕು. ಗಮನಾರ್ಹ ಸಂಗತಿಯೆಂದರೆ ಮಂಗಳೂರು ವಿಮಾನ ನಿಲ್ದಾಣದಿಂದ ಅಗತ್ತಿ ಸುಮಾರು 380 ಕಿ.ಮೀ., ಅಂದರೆ ಕೊಚ್ಚಿಗಿಂತ 90 ಕಿ.ಮೀ.ನಷ್ಟು ಹತ್ತಿರ. ಆದರೂ ಅಗತ್ತಿಯ ವಿಮಾನಗಳು ಕೊಚ್ಚಿಯನ್ನೇ ನೆಚ್ಚಿಕೊಂಡು ಬೆಳೆದವು. ಜನರ ಓಡಾಟವೂ ಕಚೇರಿಗಳ ಕೆಲಸವೂ ಎತ್ತ ಇರುತ್ತವೆಯೋ ವಿಮಾನವೂ ಅತ್ತ ತಿರುಗುತ್ತದೆ.

ನಿಲ್ದಾಣ ಬೇರೆ, ಸೇವೆ ಬೇರೆ

ದಕ್ಷಿಣ ಅಟ್ಲಾಂಟಿಕ್ ಸಾಗರದ ಸೇಂಟ್ ಹೆಲೆನಾ ದ್ವೀಪ ನೆಪೋಲಿಯನ್ನನ ಸೆರೆಮನೆಯೆಂದು ಪ್ರಸಿದ್ಧ. ದಕ್ಷಿಣ ಆಫ್ರಿಕಾದ ಕೇಪ್‌ಟೌನ್‌ನಿಂದ ಅಲ್ಲಿಗೆ ಹಡಗಿನಲ್ಲಿ ಐದು ದಿನ ಹಿಡಿಯುತ್ತಿತ್ತು. ಬ್ರಿಟನ್ನಿನ ಹಣದಿಂದ ಕಟ್ಟಿದ ವಿಮಾನ ನಿಲ್ದಾಣ 2016ರಲ್ಲಿ ಸಿದ್ಧವಾಯಿತು. ಆದರೆ ರನ್‌ವೇ ತುದಿಯಲ್ಲಿ ದಿಕ್ಕು ಬದಲಿಸುವ ಬಿರುಗಾಳಿಯ ಕಾರಣ ಯೋಜಿಸಿದ್ದ ಬೋಯಿಂಗ್-737 ಸೇವೆ ಕೈಗೂಡಲಿಲ್ಲ. ಕೊನೆಗೆ 2017ರ ಅಕ್ಟೋಬರ್‌ನಲ್ಲಿ ಚಿಕ್ಕ ಎಂಬ್ರೇಯರ್ ಜೆಟ್ಟಿನಿಂದ ವಾರಕ್ಕೊಂದು ಸೇವೆ ಆರಂಭವಾಯಿತು. ಹಾರಾಟ ಕೆಲವೇ ಗಂಟೆಗಳದು. ಆದರೆ ಶನಿವಾರದ ವಿಮಾನ ತಪ್ಪಿಸಿಕೊಂಡವನಿಗೆ ಪ್ರಯಾಣದ ಅವಧಿ ಒಂದು ವಾರ. ದಿನಕ್ಕೆ ಒಂದೇ ವಿಮಾನ ಇರುವಲ್ಲಿ ಹೊರಡಬೇಕೆನಿಸಿದ ಹೊತ್ತಿಗೂ ಹೊರಡುವ ಹೊತ್ತಿಗೂ ಸರಾಸರಿ ಹನ್ನೆರಡು ಗಂಟೆ ಅಂತರ ಬೀಳುತ್ತದೆ. ಬೆಳಿಗ್ಗೆ ಒಂದು, ಸಂಜೆ ಒಂದು ಇದ್ದರೆ ಆ ಅಂತರ ಆರು ಗಂಟೆಗೆ ಇಳಿಯುತ್ತದೆ. ಹೆಚ್ಚು ವೇಗದ ವಿಮಾನ ತಂದರೂ ಇಷ್ಟು ಸಮಯ ಉಳಿಯದು.

ಬೂವನಹಳ್ಳಿಯ ಸಂದರ್ಭದಲ್ಲಿ ಇನ್ನೊಂದು ತಾಂತ್ರಿಕ ಅಂಶವಿದೆ. ಅಗತ್ತಿ ಸಮುದ್ರ ಮಟ್ಟದಲ್ಲಿದೆ. ಹಾಸನ ಸಮುದ್ರ ಮಟ್ಟಕ್ಕಿಂತ 900 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಎತ್ತರ ಹೆಚ್ಚಿದಂತೆ ಗಾಳಿ ತೆಳುವಾಗಿ, ವಿಮಾನ ನೆಲ ಬಿಡಲು ಹೆಚ್ಚು ಓಡಬೇಕಾಗುತ್ತದೆ. ಪ್ರತಿ 300 ಮೀಟರ್ ಎತ್ತರಕ್ಕೆ ಶೇಕಡಾ 7ರಷ್ಟು ರನ್‌ವೇ ಹೆಚ್ಚಿಸಬೇಕೆಂಬುದು ಅಂತರರಾಷ್ಟ್ರೀಯವಾಗಿ ಒಪ್ಪಿತವಾದ ವಿನ್ಯಾಸ ಸೂತ್ರ. ಅದರಂತೆ ಅಗತ್ತಿಯಲ್ಲಿ 1,200 ಮೀಟರಿನಲ್ಲಿ ಸಾಗುವ ಕೆಲಸಕ್ಕೆ ಇಲ್ಲಿ ಸುಮಾರು 1,450 ಮೀಟರ್ ಬೇಕು. ಬೇಸಿಗೆಯ ಮಧ್ಯಾಹ್ನದ ಕಾವಿಗೆ ಮತ್ತಷ್ಟು ಸೇರಿಸಬೇಕು. ರನ್‌ವೇ ಸಾಲದಾದರೆ ವಿಮಾನ ಹಾರುವುದಿಲ್ಲವೆಂದಲ್ಲ. ಅದು ಸೀಟುಗಳನ್ನು ಖಾಲಿ ಬಿಟ್ಟೋ ಸರಕನ್ನು ಕೆಳಗಿಳಿಸಿಯೋ ಹಾರುತ್ತದೆ. ಅಂಥ ಸಂದರ್ಭದಲ್ಲಿ ಮೊದಲು ಕೆಳಗಿಳಿಯುವುದು ಸಾಮಾನ್ಯವಾಗಿ ವರ್ತಕನ ಪೆಟ್ಟಿಗೆಯೇ.

ಆದ್ದರಿಂದ ವಿಮಾನ ಸಂಸ್ಥೆಗಳ ಮುಂದೆ ಬೇಡಿಕೆ ಇಡುವಾಗ ‘ಬೂವನಹಳ್ಳಿಯಿಂದ ವಿಮಾನ ಬೇಕು’ ಎಂದಷ್ಟೇ ಬರೆದರೆ ಸಾಲದು. ಯಾವ ಊರಿಗೆ, ವಾರದ ಯಾವ ದಿನಗಳಲ್ಲಿ, ಎಷ್ಟು ಗಂಟೆಗೆ, ವಾರಕ್ಕೆ ಎಷ್ಟು ಜನ, ಎಷ್ಟು ಕಿಲೋ ಸರಕು ಎಂಬ ವಿವರ ಬೇಕು. ದೇವನಹಳ್ಳಿಯಿಂದ ಬೆಳಗಿನ ದೂರದ ವಿಮಾನಗಳನ್ನು ಹಿಡಿಯಬೇಕಾದರೆ ಬೂವನಹಳ್ಳಿಯ ವಿಮಾನ ನಸುಕಿನಲ್ಲೇ ಹೊರಡಬೇಕು. ನಸುಕಿನಲ್ಲಿ ಹೊರಡುವ ವಿಮಾನ ಹಿಂದಿನ ರಾತ್ರಿ ಇಲ್ಲಿಯೇ ತಂಗಬೇಕು. ಅದಕ್ಕೆ ನಿಲ್ಲುವ ಜಾಗ, ಇಂಧನ, ಚಾಲಕ ಸಿಬ್ಬಂದಿಗೆ ವಸತಿ, ರಾತ್ರಿ ಇಳಿಯಲು ದೀಪಗಳು ಇರಬೇಕು. ಡಿಸೆಂಬರ್, ಜನವರಿಯ ಮುಂಜಾನೆ ಹಾಸನದ ಸುತ್ತ ಮಂಜು ಕವಿಯುವುದುಂಟು. ಮಂಜಿನಲ್ಲಿ ವಿಮಾನವನ್ನು ಇಳಿಸಿಕೊಳ್ಳುವ ಉಪಕರಣಗಳಿಲ್ಲದಿದ್ದರೆ ಐವತ್ತು ನಿಮಿಷದ ಪ್ರಯಾಣಕ್ಕೆ ಬಂದವರು ಒಂಬತ್ತು ಗಂಟೆಯ ಬಿಸಿಲಿಗಾಗಿ ನಿಲ್ದಾಣದಲ್ಲಿ ಕಾದು ಕುಳಿತಿರಬೇಕಾಗುತ್ತದೆ, ಅಷ್ಟರಲ್ಲಿ ಪೋರ್ಟ್ ಬ್ಲೇರ್ ವಿಮಾನ ಬಂಗಾಳ ಕೊಲ್ಲಿಯ ಮೇಲಿರುತ್ತದೆ.